ಐಷಾರಾಮಿ ಸ್ಪೋರ್ಟ್ಸ್ ಸೆಡಾನ್: ಕಾರಿಗಿಂತ ಮೊದಲು ಎಂಜಿನ್ ಆರಿಸುವುದು ಹೇಗೆ?

ಮೂರು ಥರದ ಜನ ನನ್ನ ಹತ್ತಿರ ಪದೇ ಪದೇ ಬರುತ್ತಾರೆ. ಒಬ್ಬರು ದಿನಾ ಜಯನಗರದಿಂದ ಕೋರಮಂಗಲಕ್ಕೆ ಹೋಗಿ ಬರುವವರು, ಆದರೆ ಕೊಂಡಿದ್ದು ಡೀಸೆಲ್. ತಿಂಗಳಿಗೊಮ್ಮೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಇನ್ನೊಬ್ಬರು ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಂದವರು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿನಿಂದ ಸೀಟಿ ಊದಿದ ಸದ್ದು. ಮೂರನೆಯವರು ಎಚ್‌ಪಿ ಮಾತ್ರ ನೋಡಿ ಕೊಂಡವರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅಷ್ಟೂ ಎಚ್‌ಪಿ ಸುಮ್ನೆ ನಿಂತಿರುತ್ತದೆ.

ಮೂವರದ್ದೂ ಒಂದೇ ತಪ್ಪು. ಮೊದಲು ಬಣ್ಣ, ಆಮೇಲೆ ಸನ್‌ರೂಫ್, ಆಮೇಲೆ ಬೆಲೆ, ಕೊನೆಗೆ ಎಂಜಿನ್. ಈ ಸಾಲನ್ನು ತಲೆಕೆಳಗು ಮಾಡುವುದೇ ಈ ಬರಹದ ಕೆಲಸ. ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್, ಆಡಿ ಎ4 ಮತ್ತು ಅವುಗಳ ವೇಗದ ಅಣ್ಣತಮ್ಮಂದಿರನ್ನು ಇಟ್ಟುಕೊಂಡು ಹೇಳುತ್ತೇನೆ. ಹೊಸದಾದರೂ ಸರಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಹಳೆಯದಕ್ಕೆ ಕೆಲಸ ಜಾಸ್ತಿ, ಅಷ್ಟೇ.

## ಹೊರಡುವ ಮುನ್ನ ಕೈಯಲ್ಲಿ ಏನಿರಬೇಕು

ಒಂದು ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸಾಧನ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವ ಚಿಕ್ಕದು ಸಾಕು, ಆದರೆ ಆ ಕಂಪನಿಯ ಕಾರಿನ ಒಳಗಿನ ಲೆಕ್ಕಗಳನ್ನೂ ಓದುವ ಆ್ಯಪ್ ಇರಲಿ. ಒಂದು ಒಳ್ಳೆಯ ಟಾರ್ಚ್, ಟೈರ್ ಪ್ರೆಶರ್ ಗೇಜ್, ಎರಡು ಬಿಳಿ ಟಿಶ್ಯೂ, ನೋಟ್‌ಬುಕ್. ಜೊತೆಗೆ ಕಾರಿನ ಮೇಲೆ ಆಸೆ ಇಲ್ಲದ ಒಬ್ಬ ಗೆಳೆಯ. ಕೊನೆಯದು ತಮಾಷೆಗೆ ಹೇಳಿದ್ದಲ್ಲ. ಮನಸ್ಸು ಸೋತವರಿಗೆ ಎಂಜಿನ್ ಸದ್ದು ಕೇಳಿಸುವುದಿಲ್ಲ.

ಕಾರಿನ 17 ಅಕ್ಷರದ ವಿನ್ ನಂಬರನ್ನು (ಚಾಸಿ ನಂಬರ್) ಮೊದಲೇ ತರಿಸಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಹೋಗುವುದೇ ಬೇಡ.

## ಹಂತ 1: ನಿಮ್ಮ ಓಡಾಟ ಬರೆಯಿರಿ

ಎರಡು ವಾರ, ಪ್ರತಿ ಸಲ ಗಾಡಿ ತೆಗೆದಾಗ ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ ಅಂತ ಬರೆದಿಡಿ. ತಿಂಗಳ ಒಟ್ಟು ಲೆಕ್ಕ ಸಾಲದು. ತಿಂಗಳಿಗೆ 1,200 ಕಿ.ಮೀ. ಓಡಿಸುವ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು ವಾರಕ್ಕೊಮ್ಮೆ ಹುಬ್ಬಳ್ಳಿ ಕಡೆಗೆ ಉದ್ದಕ್ಕೆ ಹೋಗುವವರು. ಇನ್ನೊಬ್ಬರು ದಿನಕ್ಕೆ ನಾಲ್ಕು ಸಲ ಹತ್ತತ್ತು ಕಿ.ಮೀ. ಓಡಿಸುವವರು. ಇಬ್ಬರಿಗೂ ಒಂದೇ ಎಂಜಿನ್ ಹೇಳಿದರೆ ಒಬ್ಬರು ನನ್ನನ್ನು ಬೈಯುತ್ತಾರೆ.

ಯಾಕೆಂದರೆ ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ಮಸಿ ಹಿಡಿದಿಟ್ಟುಕೊಂಡು, ಆಗಾಗ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಹಾಕುತ್ತದೆ. ಈ ಸುಡುವ ಕೆಲಸಕ್ಕೆ ಎಡೆಬಿಡದೆ ಹದಿನೈದು-ಇಪ್ಪತ್ತು ನಿಮಿಷದ ಓಟ ಬೇಕು. ಅರ್ಧಕ್ಕೇ ಕಾರು ಆಫ್ ಮಾಡಿದರೆ ಕೆಲಸ ನಿಲ್ಲುತ್ತದೆ. ಮಸಿ ಸುಡಲೆಂದು ಹೆಚ್ಚಿಗೆ ಸಿಂಪಡಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಆಯಿಲ್ ತೆಳುವಾಗಿ ಎಂಜಿನ್ ಒಳಗಿನ ಚೈನು, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಎಲ್ಲಕ್ಕೂ ಪೆಟ್ಟು.

ನಾನೂ ಈ ಪಾಠವನ್ನು ದುಡ್ಡು ಕೊಟ್ಟೇ ಕಲಿತೆ. ಆಫೀಸ್ ಮನೆಯಿಂದ ಆರು ಕಿಲೋಮೀಟರ್, ಕೊಂಡಿದ್ದು ಒಂದು ಜರ್ಮನ್ ಡೀಸೆಲ್ ಸೆಡಾನ್. ಕಾರು ನಿಲ್ಲಿಸಿದ ಮೇಲೂ ಮುಂದಿನ ಫ್ಯಾನ್ ಗಿರಗಿರ ತಿರುಗುತ್ತಿತ್ತು. ನಾನು ಸೆಕೆ ಇರಬೇಕು ಅಂದುಕೊಂಡೆ. ಮಸಿ ಸುಡುವುದನ್ನು ನಾನೇ ನಡುವೆ ನಿಲ್ಲಿಸುತ್ತಿದ್ದೆ ಅಂತ ಗೊತ್ತಾಗಿದ್ದು ಫಿಲ್ಟರ್ ಪೂರ್ತಿ ಕಟ್ಟಿಕೊಂಡ ಮೇಲೆ.

ಹಾಗಾಗಿ ಈ ಹಂತದ ತೀರ್ಮಾನ ಸರಳ. ವಾರದಲ್ಲಿ ಎರಡು ಸಲವಾದರೂ ಅರ್ಧ ಗಂಟೆ ಸರಾಗ ರಸ್ತೆ ಸಿಗದಿದ್ದರೆ ಡೀಸೆಲ್ ಪಟ್ಟಿಯಿಂದ ಹೊರಗೆ. ಮೈಲೇಜ್ ಎಷ್ಟೇ ಆಸೆ ಹುಟ್ಟಿಸಲಿ.

## ಹಂತ 2: ಡಿಕ್ಕಿಯ ಮೇಲಿನ ನಂಬರ್ ನಂಬಬೇಡಿ

ಹಿಂದೆ 330 ಅಂದರೆ ಮೂರು ಲೀಟರ್ ಅಂತ ಅರ್ಥವಿತ್ತು. ಈಗ 320ಐ, 330ಐ ಎರಡೂ ಎರಡು ಲೀಟರ್, ನಾಲ್ಕು ಸಿಲಿಂಡರ್. 2022ರಲ್ಲಿ ಬಂದ ಹೊಸ ಸಿ200 ಕಾರಿನ ಎಂಜಿನ್ ಒಂದೂವರೆ ಲೀಟರ್. ಆಡಿಯ ‘40 ಟಿಎಫ್‌ಎಸ್‌ಐ’ಯಲ್ಲಿರುವ 40 ಲೀಟರೂ ಅಲ್ಲ, ಎಚ್‌ಪಿಯೂ ಅಲ್ಲ, ಶಕ್ತಿಯ ದರ್ಜೆ ಹೇಳುವ ಅಂಕಿ. ಒಂದು ಕಾಲದಲ್ಲಿ 6.2 ಲೀಟರ್ ವಿ8 (ಎಂಟು ಸಿಲಿಂಡರ್) ಇದ್ದ ಬೆಂಜ್ ಸಿ63 ಈಗ ಎರಡು ಲೀಟರ್ ಮತ್ತು ಒಂದು ವಿದ್ಯುತ್ ಮೋಟರ್.

ನೀವು ಹುಡುಕಬೇಕಾದ್ದು ಎಂಜಿನ್ ಕೋಡ್. ಬಿಎಂಡಬ್ಲ್ಯುನಲ್ಲಿ ಎನ್20, ಬಿ48, ಬಿ58 (ಪೆಟ್ರೋಲ್), ಎನ್47, ಬಿ47 (ಡೀಸೆಲ್). ಬೆಂಜ್‌ನಲ್ಲಿ ಎಂ274, ಎಂ254 (ಪೆಟ್ರೋಲ್), ಒಎಂ651, ಒಎಂ654 (ಡೀಸೆಲ್). ಆಡಿಯ ಎರಡು ಲೀಟರ್ ಪೆಟ್ರೋಲ್‌ಗಳು ಇಎ888 ಕುಟುಂಬದವು. ವಿನ್ ನಂಬರ್ ಹಾಕಿದರೆ ಕೋಡ್ ಸಿಗುತ್ತದೆ. ಒಂದೇ ಬ್ಯಾಡ್ಜ್, ಎರಡು ವರ್ಷದ ಅಂತರ, ಒಳಗೆ ಬೇರೆಯೇ ಎಂಜಿನ್ ಇರಬಹುದು. 320ಡಿ ಒಳ್ಳೆಯ ಉದಾಹರಣೆ. ಹಳೆಯದರಲ್ಲಿ 184 ಎಚ್‌ಪಿಯ ಎನ್47, ಆಮೇಲೆ 190 ಎಚ್‌ಪಿಯ ಬಿ47. ಆರು ಎಚ್‌ಪಿ ವ್ಯತ್ಯಾಸ ಯಾರಿಗೂ ಗೊತ್ತಾಗದು. ನಿಜವಾದ ವ್ಯತ್ಯಾಸ ಎಂಜಿನ್ ಎಷ್ಟು ದಿನ ಬಾಳುತ್ತದೆ ಅನ್ನುವುದರಲ್ಲಿದೆ. ಅದನ್ನು ಹಂತ 4ರಲ್ಲಿ ನೋಡೋಣ.

## ಹಂತ 3: ಅಂಕಿಗಳನ್ನು ಸರಿಯಾಗಿ ಓದಿ

ಇಲ್ಲಿ ಸ್ವಲ್ಪ ನಿಧಾನಿಸಿ. ಜಾಸ್ತಿ ಜನ ಜಾರುವುದು ಇಲ್ಲೇ.

ಮೊದಲು ಎಲ್ಲವನ್ನೂ ಕಿಲೋವ್ಯಾಟ್‌ಗೆ ತನ್ನಿ. ವೇಗದ ಸಿ-ಕ್ಲಾಸ್ ಆದ ಬೆಂಜ್ ಎಎಂಜಿ ಸಿ43 ಬಗ್ಗೆ ಒಂದು ಕಡೆ 408 ಎಚ್‌ಪಿ, ಇನ್ನೊಂದು ಕಡೆ 402 ಎಚ್‌ಪಿ ಅಂತ ಇರುತ್ತದೆ. ಎರಡೂ ಸರಿಯೇ. ಎಂಜಿನ್ 300 ಕಿಲೋವ್ಯಾಟ್‌ನದು. ಮೊದಲನೆಯದು ಯೂರೋಪಿನ ಪಿಎಸ್ ಲೆಕ್ಕ, ಎರಡನೆಯದು ಬ್ರಿಟಿಷ್ ಬಿಎಚ್‌ಪಿ ಲೆಕ್ಕ. ಒಂದು ಕಾರಿನದ್ದು ಪಿಎಸ್‌ನಲ್ಲಿ, ಇನ್ನೊಂದರದ್ದು ಬಿಎಚ್‌ಪಿಯಲ್ಲಿ ಇಟ್ಟು ಜಗಳ ಆಡುವವರನ್ನು ತುಂಬಾ ನೋಡಿದ್ದೇನೆ. ಈ ಬರಹದಲ್ಲಿ ಮುಂದೆ ಬರುವ ಎಚ್‌ಪಿ ಎಲ್ಲ ಪಿಎಸ್ ಲೆಕ್ಕದ್ದು.

ಎರಡನೆಯದು, ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ, ಎನ್‌ಎಂ ಅದರ ಅಳತೆ) ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು. ಈಗಿನ ಪೀಳಿಗೆಯ, ಅಂದರೆ ಜಿ20ಯ, 330ಐ ಮತ್ತು 320ಡಿ ಎರಡಕ್ಕೂ 400 ಎನ್‌ಎಂ. ಕಾಗದದ ಮೇಲೆ ಸಮ. ಆದರೆ ಪೆಟ್ರೋಲ್ ಎಂಜಿನ್ ಅದನ್ನು 1,550ರಿಂದ 4,400 ಆರ್‌ಪಿಎಂವರೆಗೆ ಹಿಡಿದಿಡುತ್ತದೆ. ಡೀಸೆಲ್ 1,750ರಿಂದ 2,500ವರೆಗೆ ಮಾತ್ರ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 400 ಎನ್‌ಎಂ, 2,500 ಆರ್‌ಪಿಎಂ: ಸುಮಾರು 105 ಕಿಲೋವ್ಯಾಟ್. ಅದೇ 400 ಎನ್‌ಎಂ, 4,400 ಆರ್‌ಪಿಎಂ: ಸುಮಾರು 184. ಸಿಗ್ನಲ್‌ನಿಂದ ಸಿಗ್ನಲ್‌ಗೆ ಇಬ್ಬರೂ ಒಂದೇ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಮಾತ್ರ ಒಬ್ಬ ಮುಂದೆ ಹೋಗಿರುತ್ತಾನೆ. ಕಂಪನಿ ಕೊಟ್ಟ ಸಮಯವೂ ಅದನ್ನೇ ಹೇಳುತ್ತದೆ. ಸೊನ್ನೆಯಿಂದ ನೂರಕ್ಕೆ 330ಐ 5.8 ಸೆಕೆಂಡ್, 320ಡಿ 6.8.

ಮೂರನೆಯದು, 0-100 ಅಂಕಿಯ ಮೋಸ. 2022ರ ಸಿ200 ಮತ್ತು ಸಿ220ಡಿ ಎರಡಕ್ಕೂ 7.3 ಸೆಕೆಂಡ್. ಆದರೆ ಒಂದರಲ್ಲಿ 300 ಎನ್‌ಎಂ, ಇನ್ನೊಂದರಲ್ಲಿ 440. ಓಡಿಸಿದರೆ ಎರಡು ಬೇರೆ ಪ್ರಾಣಿಗಳು. ಐದು ಜನ, ತುಂಬಿದ ಡಿಕ್ಕಿ, ಶಿರಾಡಿ ಘಾಟಿನ ಏರು ಅಂದಾಗ ಡೀಸೆಲ್ ಗೇರ್ ಬದಲಿಸದೆ ಹತ್ತುತ್ತದೆ. ಪೆಟ್ರೋಲ್ ಎರಡು ಗೇರ್ ಇಳಿಸಿ ಕೂಗುತ್ತದೆ.

ನಾಲ್ಕನೆಯದು, ತೂಕ ಮತ್ತು ಷರತ್ತು. 2024ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದ ಸಿ63 ಎಸ್ ಇ ಪರ್ಫಾರ್ಮೆನ್ಸ್‌ನ 680 ಎಚ್‌ಪಿ, 1,020 ಎನ್‌ಎಂ ಕೇಳಿದರೆ ತಲೆ ತಿರುಗುತ್ತದೆ. ಅದರಲ್ಲಿ ಎಂಜಿನ್ನಿನದು 476, ಹಿಂಬದಿಯ ವಿದ್ಯುತ್ ಮೋಟರಿನದು 204. ಆ ಮೋಟರ್ ತನ್ನ ಪೂರ್ತಿ ಶಕ್ತಿ ಕೊಡುವುದು 10 ಸೆಕೆಂಡ್ ಮಾತ್ರ, ಆಮೇಲೆ 95ಕ್ಕೆ ಇಳಿಯುತ್ತದೆ. ಕಾರಿನ ತೂಕ ಎರಡು ಟನ್ ದಾಟಿದೆ. 3.4 ಸೆಕೆಂಡಿನಲ್ಲಿ ನೂರು ಮುಟ್ಟುವುದು ನಿಜವೇ. ಆದರೆ ಅದು ಹಳೆಯ ವಿ8ನ ಥರದ ಕಾರಲ್ಲ ಅಂತ ತಿಳಿದು ಕೊಳ್ಳಿ.

ಇನ್ನೊಂದು ಕುತೂಹಲದ ಜೋಡಿ. 408 ಎಚ್‌ಪಿಯ ಸಿ43ಗೆ 4.6 ಸೆಕೆಂಡ್. 374 ಎಚ್‌ಪಿಯ ಬಿಎಂಡಬ್ಲ್ಯು ಎಂ340ಐಗೆ (ವೇಗದ 3 ಸೀರೀಸ್) 4.4. 2021ರಲ್ಲಿ ಇಲ್ಲಿಗೆ ಮೊದಲು ಬಂದ ಎಂ340ಐಗೆ 387 ಎಚ್‌ಪಿ ಇತ್ತು, ಸಮಯ ಅದೇ 4.4. ಎಚ್‌ಪಿ ಹದಿಮೂರು ಇಳಿದರೂ ಗಡಿಯಾರಕ್ಕೆ ಗೊತ್ತೇ ಆಗಲಿಲ್ಲ. ಎಂ340ಐಯ ಮೂರು ಲೀಟರ್‌ನ ಆರು ಸಿಲಿಂಡರ್ ಬಿ58 ಕೆಳಗಿನಿಂದಲೇ 500 ಎನ್‌ಎಂ ಕೊಡುತ್ತದೆ, ಸಿ43ಯ ಎರಡು ಲೀಟರ್ ಅದನ್ನು ಟರ್ಬೊ ಒತ್ತಡದಿಂದ ಹಿಂಡಿ ತೆಗೆಯಬೇಕು. ಸಿ43ಯ ಟರ್ಬೊ ಒಳಗೆ ಪುಟ್ಟ ವಿದ್ಯುತ್ ಮೋಟರ್ ಇಟ್ಟಿದ್ದೇ ಈ ಕೊರತೆ ತುಂಬಲು. ನನ್ನ ಮಟ್ಟಿಗೆ ಈ ಗುಂಪಿನಲ್ಲಿ ಓಡಿಸಲು ಸುಖ ಕೊಡುವುದು ಬಿ58. ಪಕ್ಷಪಾತ ಅನ್ನಿ, ಬೇಜಾರಿಲ್ಲ.

ಬೆಂಗಳೂರಿನವರಿಗೆ ಒಂದು ಕಿವಿಮಾತು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಟರ್ಬೊ ಇಲ್ಲದ ಹಳೆಯ ವಿ8, ವಿ6 ಎಂಜಿನ್‌ಗಳು ಇಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತವೆ. ಗಾಳಿ ತೆಳು. ಟರ್ಬೊ ಇದ್ದರೆ ಆ ಕೊರತೆಯನ್ನು ಬಹುಪಾಲು ಅದೇ ತುಂಬಿಕೊಳ್ಳುತ್ತದೆ. ಮಂಗಳೂರಿನಲ್ಲಿ ಓಡಿಸಿ ಮೆಚ್ಚಿದ ಹಳೆಯ ಕಾರು ಇಲ್ಲಿ ಸಪ್ಪೆ ಅನ್ನಿಸಿದರೆ ನಿಮ್ಮ ಭ್ರಮೆಯಲ್ಲ.

## ಹಂತ 4: ಎಂಜಿನ್ನಿನ ಜಾತಕ ನೋಡಿ

ಪ್ರತಿ ಎಂಜಿನ್ನಿಗೂ ಒಂದು ಹಳೆ ರೋಗ ಇರುತ್ತದೆ. ಅದು ಗೊತ್ತಿದ್ದರೆ ಅರ್ಧ ಗಂಟೆಯಲ್ಲಿ ಪತ್ತೆ ಹಚ್ಚಬಹುದು. ಗೊತ್ತಿಲ್ಲದಿದ್ದರೆ ಗ್ಯಾರೇಜ್ ಬಿಲ್ಲೇ ಹೇಳುತ್ತದೆ.

ಬಿಎಂಡಬ್ಲ್ಯು ಎನ್20 (328ಐ, ಜಿ20ಗೆ ಹಿಂದಿನ ಎಫ್30 ಪೀಳಿಗೆ). 245 ಎಚ್‌ಪಿ, 350 ಎನ್‌ಎಂ, ಓಡಿಸಲು ಚುರುಕು. ಎಂಜಿನ್ನಿನ ವಾಲ್ವ್‌ಗಳನ್ನು ತಕ್ಕ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನಿಗೆ ಆಸರೆಯಾದ ಪ್ಲಾಸ್ಟಿಕ್ ಗೈಡ್‌ಗಳು ಸವೆದು ಮುರಿಯುತ್ತವೆ. ಮುಖ್ಯವಾಗಿ 2015ಕ್ಕಿಂತ ಹಿಂದಿನ ಕಾರುಗಳಲ್ಲಿ. ಲಕ್ಷಣ: ಆರ್‌ಪಿಎಂ ಏರಿದಂತೆ ಏರುವ ಕೀಂ ಅನ್ನುವ ಸದ್ದು. ಚೈನ್ ಬದಲಿಸಿದ ಬಿಲ್ ಇದ್ದರೆ ಸರಿ. ‘ಮಾಡಿಸಿದ್ದೇವೆ, ಬಿಲ್ ಕಳೆದುಹೋಗಿದೆ’ ಅಂದರೆ ಮಾಡಿಸಿಲ್ಲ ಅಂತಲೇ ಲೆಕ್ಕ.

ಬಿಎಂಡಬ್ಲ್ಯು ಬಿ48, ಬಿ58. ಇವು ಗಟ್ಟಿ. ಆದರೆ ವಯಸ್ಸಾದಂತೆ ಪ್ಲಾಸ್ಟಿಕ್ ಕೂಲೆಂಟ್ ಪೈಪು, ಆಯಿಲ್ ಫಿಲ್ಟರ್ ಹೌಸಿಂಗ್ ಸುತ್ತ ಸೋರಿಕೆ ಬರುತ್ತದೆ. ಕೂಲೆಂಟ್ ಮಟ್ಟ ಕಡಿಮೆ ಇದ್ದು ‘ಬೇಸಿಗೆಯಲ್ಲಿ ಆರುತ್ತದೆ ಸಾರ್’ ಅಂತ ಮಾರುವವರು ಹೇಳಿದರೆ ನಗಬೇಡಿ, ಆದರೆ ನಂಬಲೂ ಬೇಡಿ. ಮುಚ್ಚಿದ ಕೂಲೆಂಟ್ ಸಾಲಿನಿಂದ ನೀರು ಆರುವುದಿಲ್ಲ.

ಬಿಎಂಡಬ್ಲ್ಯು ಎನ್47, ಬೆಂಜ್ ಒಎಂ651. ಈ ಎರಡು ಡೀಸೆಲ್‌ಗಳಲ್ಲೂ ಟೈಮಿಂಗ್ ಚೈನ್ ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ ಇದೆ. ಚೈನ್ ಸವೆದರೆ ಮುಂದಿನಿಂದ ಕೈ ಹಾಕಲು ಆಗದು. ಚೈನಿಗಿಂತ ಬಿಚ್ಚಿ ಜೋಡಿಸುವ ಕೂಲಿಯೇ ಜಾಸ್ತಿ. ಚೈನ್ ಸವೆತದ ಕೆಟ್ಟ ಹೆಸರು ಎನ್47ಗೆ ಹೆಚ್ಚು, ಅದರಲ್ಲೂ 2011ರವರೆಗಿನವಕ್ಕೆ. ಸ್ಟಾರ್ಟ್ ಮಾಡಿ ಒಬ್ಬರು ಬಾನೆಟ್ ಹತ್ತಿರ, ಇನ್ನೊಬ್ಬರು ಗೇರ್ ಲಿವರ್ ಹತ್ತಿರ ಕಿವಿಗೊಡಿ. ಲೋಹ ಉಜ್ಜುವ ಸದ್ದು ಒಳಗೆ ಜಾಸ್ತಿ ಕೇಳಿಸಿದರೆ ಬಿಟ್ಟು ಬನ್ನಿ.

ಬಿಎಂಡಬ್ಲ್ಯು ಬಿ47. ಒಳ್ಳೆಯ ಎಂಜಿನ್. ಇದರ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳುವ ಹೊಗೆಯನ್ನು ತಣಿಸುವ ಭಾಗ) ಒಳಗೇ ಸೋರಿ, ಮಸಿ ಜೊತೆ ಕೂಲೆಂಟ್ ಸೇರಿ ಬೆಂಕಿಗೆ ದಾರಿಯಾದ ಪ್ರಕರಣಗಳು ದಕ್ಷಿಣ ಕೊರಿಯಾದಲ್ಲಿ ನಡೆದು, 2018ರಲ್ಲಿ ದೊಡ್ಡ ರೀಕಾಲ್ (ಕಂಪನಿಯೇ ಕಾರು ಕರೆಸಿ ಸರಿಮಾಡುವುದು) ಆಯಿತು. ವಿನ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲಿ ಬಾಕಿ ರೀಕಾಲ್ ಕೇಳಿ. ಉತ್ತರ ಬರಹದಲ್ಲಿ ಪಡೆಯಿರಿ.

ಬೆಂಜ್ ಎಂ274 (ಹಿಂದಿನ ಪೀಳಿಗೆಯ ಸಿ200). 184 ಎಚ್‌ಪಿ, 300 ಎನ್‌ಎಂ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡ್ ಗರಗರ ಅಂದರೆ ವಾಲ್ವ್ ತೆರೆಯುವ ಸಮಯ ಹೊಂದಿಸುವ ಕ್ಯಾಮ್ ಅಡ್ಜಸ್ಟರ್ ಸೋತಿದೆ ಅಂತ ಅರ್ಥ. ಬಿಸಿಯಾದ ಎಂಜಿನ್‌ನಲ್ಲಿ ಈ ಸದ್ದು ಮಾಯ. ಅದಕ್ಕೇ ಕೆಲವರು ನೀವು ಬರುವ ಮೊದಲೇ ಬಿಸಿ ಮಾಡಿ ಇಟ್ಟಿರುತ್ತಾರೆ.

ಬೆಂಜ್ ಒಎಂ654 (2018ರ ನಂತರದ ಸಿ220ಡಿ, ಸಿ300ಡಿ). ಹೆದ್ದಾರಿ ಮನುಷ್ಯರಿಗೆ ನಾನು ಮೊದಲು ಹೇಳುವ ಎಂಜಿನ್. ಹೊಸ ಸಿ300ಡಿಯ 265 ಎಚ್‌ಪಿ, 550 ಎನ್‌ಎಂ ಅಂದರೆ ಡೀಸೆಲ್ ಅನ್ನುವುದೇ ಮರೆತುಹೋಗುತ್ತದೆ. ಬಿಎಸ್6 ಹೊಗೆ ನಿಯಮದ ಕಾರುಗಳಲ್ಲಿ ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ) ಟ್ಯಾಂಕ್ ಇದೆ. ಅದು ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗದು.

ಆಡಿ ಇಎ888. 2008ರಿಂದ 2011ರ ಸುಮಾರಿನ ಎರಡನೇ ಪೀಳಿಗೆಯವು ಪಿಸ್ಟನ್ ರಿಂಗ್ ದೋಷದಿಂದ ಆಯಿಲ್ ಕುಡಿಯುತ್ತವೆ. ಈಚಿನವುಗಳಲ್ಲಿ ಆ ಕಾಟ ಕಡಿಮೆ, ಆದರೆ ಪ್ಲಾಸ್ಟಿಕ್ ವಾಟರ್ ಪಂಪ್-ಥರ್ಮೋಸ್ಟಾಟ್ ಭಾಗ ಸೋರುತ್ತದೆ. 2021ರ ಎ4 40 ಟಿಎಫ್‌ಎಸ್‌ಐನ 190 ಎಚ್‌ಪಿ, 320 ಎನ್‌ಎಂ, 7.3 ಸೆಕೆಂಡ್ ನಗರಕ್ಕೆ ಧಾರಾಳ. ಮೂರು ಲೀಟರ್ ವಿ6 ಇರುವ ಎಸ್5 ಸ್ಪೋರ್ಟ್‌ಬ್ಯಾಕ್ (354 ಎಚ್‌ಪಿ, 500 ಎನ್‌ಎಂ) ಬೇರೆ ಲೋಕ. ಅದು ಪೂರ್ತಿ ಆಮದಾಗಿ ಬಂದ ಕಾರು, ಬಿಡಿಭಾಗಕ್ಕೆ ಕಾಯುವ ತಾಳ್ಮೆ ಬೇಕು. 2020ರಿಂದ ಈಚೆಗೆ ಆಡಿ ಇಲ್ಲಿ ಡೀಸೆಲ್ ಮಾರುತ್ತಿಲ್ಲ.

ಜಾಗ್ವಾರ್ ಎಕ್ಸ್‌ಇ. ಓಡಿಸಲು ಚೆಂದ, ಬೆಲೆಯೂ ಇಳಿದಿದೆ. ಇಂಜೀನಿಯಂ ಡೀಸೆಲ್‌ನಲ್ಲಿ ಆಯಿಲ್‌ಗೆ ಡೀಸೆಲ್ ಇಳಿಯುವುದು, ಹಿಂಬದಿಯ ಚೈನ್ ಸವೆಯುವುದು ಎರಡೂ ಉಂಟು. ಆಯಿಲ್ ಬದಲಿಸಿದ ದಾಖಲೆ ಪಕ್ಕಾ ಇಲ್ಲದಿದ್ದರೆ ಬೇಡ.

## ಹಂತ 5: ಗೇರ್‌ಬಾಕ್ಸ್ ಮತ್ತು ಚಕ್ರ

ಎಂಜಿನ್ ಒಂದನ್ನೇ ಆರಿಸಲಾಗದು, ಗೇರ್‌ಬಾಕ್ಸ್ ಜೊತೆಗೇ ಬರುತ್ತದೆ. ಬಿಎಂಡಬ್ಲ್ಯು ಮತ್ತು ಜಾಗ್ವಾರ್‌ನಲ್ಲಿ ಜೆಡ್‌ಎಫ್ ಕಂಪನಿಯ 8 ಸ್ಪೀಡ್ ಆಟೋಮ್ಯಾಟಿಕ್. ಇದಕ್ಕೆ ನಿಂದೆ ಹುಡುಕುವುದು ಕಷ್ಟ. ‘ಜೀವಮಾನದ ಆಯಿಲ್, ಬದಲಿಸಬೇಕಿಲ್ಲ’ ಅನ್ನುವ ಮಾತು ಮಾತ್ರ ಕೇಳಬೇಡಿ. 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಿ ಅಂತ ಗೇರ್‌ಬಾಕ್ಸ್ ಮಾಡಿದವರೇ ಹೇಳುತ್ತಾರೆ.

ಆಡಿ ಎ4ರದ್ದು ಎರಡು ಕ್ಲಚ್‌ನ 7 ಸ್ಪೀಡ್. ತೆರೆದ ರಸ್ತೆಯಲ್ಲಿ ಗೇರ್ ಬದಲಾಗುವುದು ಕಣ್ಣು ಮಿಟುಕಿಸಿದಂತೆ. ತೆವಳುವ ಟ್ರಾಫಿಕ್‌ನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಮೊದಲ ಗೇರ್‌ನಿಂದ ಎರಡಕ್ಕೆ ಹೋಗುವಾಗ ನಡುಕ ಬಂದರೆ ಎಚ್ಚರ.

330ಐಗೆ ಹಿಂದಿನ ಚಕ್ರದ ಎಳೆತ, ಎಂ340ಐ ಮತ್ತು ಸಿ43ಗೆ ನಾಲ್ಕೂ ಚಕ್ರ, ಇಲ್ಲಿ ಮಾರುವ ಎ4 40 ಟಿಎಫ್‌ಎಸ್‌ಐಗೆ ಮುಂದಿನ ಚಕ್ರ. ಮಲೆನಾಡಿನ ಮಳೆಗಾಲದಲ್ಲಿ ಓಡಾಡುವವರು ಎಂಜಿನ್ನಿಗೆ ಮೊದಲು ಟೈರಿಗೆ ದುಡ್ಡು ಎತ್ತಿಡಿ. ಸವೆದ ಟೈರಿನ ಮೇಲೆ 400 ಎನ್‌ಎಂ ಬರೀ ಅಪಾಯ.

## ಹಂತ 6: ಟೆಸ್ಟ್ ಡ್ರೈವ್, ಇದೇ ಕ್ರಮದಲ್ಲಿ

1. ಹಿಂದಿನ ದಿನವೇ ಹೇಳಿ: ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ.’ ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಕಾಫಿ ಕುಡಿದು ವಾಪಸ್. ಇನ್ನೊಂದು ದಿನ ಬನ್ನಿ.

2. ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಮುಚ್ಚಳ ತೆಗೆದು ಟಿಶ್ಯೂನಿಂದ ಒರೆಸಿ. ಕೆನೆಯಂಥ ಪದರ ಇದ್ದರೆ ನೀರು ಸೇರಿರಬಹುದು. ಡೀಸೆಲ್ ವಾಸನೆ ಬಂದರೆ ಹಂತ 1ರ ಕಥೆ. ಈಚಿನ ಬಿಎಂಡಬ್ಲ್ಯುಗಳಲ್ಲಿ ಅಳೆಯುವ ಕಡ್ಡಿ ಇರುವುದಿಲ್ಲ, ಸ್ಕ್ರೀನ್‌ನಲ್ಲಿ ನೋಡಬೇಕು.

3. ಗೆಳೆಯ ಸ್ಟಾರ್ಟ್ ಮಾಡಲಿ, ನೀವು ಹೊರಗೆ ನಿಲ್ಲಿ. ಮೊದಲ ಐದು ಸೆಕೆಂಡ್ ಕಿವಿಗೆ, ಮುಂದಿನ ಐದು ಸೆಕೆಂಡ್ ಕಣ್ಣಿಗೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಸಿಹಿ ವಾಸನೆಯ, ನಿಲ್ಲದ ಬಿಳಿ ಹೊಗೆ ಅಂದರೆ ಕೂಲೆಂಟ್ ಸುಡುತ್ತಿದೆ. ಚಳಿಯ ಬೆಳಿಗ್ಗೆ ಬರುವ ತೆಳು ಆವಿಗೆ ಹೆದರಬೇಡಿ.

4. ಹದಿನೈದು ನಿಮಿಷ ಟ್ರಾಫಿಕ್‌ನಲ್ಲಿ ಓಡಿಸಿ. ಎಸಿ ಪೂರ್ತಿ ಹಾಕಿ, ಹಾಡು ಆಫ್ ಮಾಡಿ. ಉಬ್ಬುಗಳ ಮೇಲೆ ನಿಧಾನ ಹೋಗಿ, ತಳ ತಾಗುತ್ತದಾ ನೋಡಿ.

5. ಈಗ ಖಾಲಿ, ನೇರ ರಸ್ತೆ. 20ರಿಂದ 80ಕ್ಕೆ ಎಷ್ಟು ಹೊತ್ತು ಅಂತ ಜಿಪಿಎಸ್ ಆ್ಯಪ್‌ನಲ್ಲಿ ಅಳೆಯಿರಿ. ಕಂಫರ್ಟ್ ಮೋಡ್‌ನಲ್ಲಿ ಎರಡು ಸಲ, ಸ್ಪೋರ್ಟ್‌ನಲ್ಲಿ ಎರಡು ಸಲ. ಫೋನ್ ಗೆಳೆಯನ ಕೈಯಲ್ಲಿರಲಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮಿತಿ 100, ಕ್ಯಾಮೆರಾಗಳೂ ಇವೆ. 20-80 ಅಳೆಯಲು ಮಿತಿ ದಾಟುವ ಅಗತ್ಯವೇ ಇಲ್ಲ. ದಿನನಿತ್ಯ ನಿಮಗೆ ಬೇಕಾದ ಪಿಕಪ್ ಕೂಡ ಅದೇ.

6. ಅದೇ ಅಳತೆಯನ್ನು ಬೆನ್ನು ಬೆನ್ನಿಗೆ ಇನ್ನೂ ಮೂರು ಸಲ ಮಾಡಿ. ಕೊನೆಯದು ಮೊದಲನೆಯದಕ್ಕಿಂತ ಎದ್ದು ಕಾಣುವಷ್ಟು ನಿಧಾನವಾದರೆ ಎಂಜಿನ್ ಬಿಸಿಗೆ ಹೆದರಿ ಶಕ್ತಿ ಇಳಿಸುತ್ತಿದೆ. ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಕೊಳೆಯಾಗಿರಬಹುದು, ಕೂಲಿಂಗ್ ಸೋತಿರಬಹುದು, ಅಥವಾ ಪೆಟ್ರೋಲ್ ಕಳಪೆ ಇರಬಹುದು.

7. ವಾಪಸ್ ಬಂದು ಎರಡು ನಿಮಿಷ ಐಡಲ್‌ನಲ್ಲಿ ಬಿಡಿ. ಟಾರ್ಚ್ ಹಿಡಿದು ಕೆಳಗೆ ನೋಡಿ. ಹೊಸದಾಗಿ ತೊಟ್ಟಿಕ್ಕುತ್ತಿರುವುದು ಎಸಿ ನೀರೋ, ಆಯಿಲ್ಲೋ? ಇನ್ನೊಂದು ಟಿಶ್ಯೂ ಇಲ್ಲಿಗೆ.

ಮಾಡಬಾರದ್ದು: ಇನ್ನೊಬ್ಬರ ಕಾರಿನಲ್ಲಿ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಪೂರ್ತಿ ಶಕ್ತಿಯಲ್ಲಿ ಚಿಮ್ಮಿಸುವ ವ್ಯವಸ್ಥೆ), ಮತ್ತು ತಣ್ಣಗಿರುವ ಎಂಜಿನ್ನಿಗೆ ಪೂರ್ತಿ ಆ್ಯಕ್ಸಿಲರೇಟರ್.

## ಹಂತ 7: ಸ್ಕ್ಯಾನರ್ ಮತ್ತು ಕಾಗದ

ಸ್ಕ್ಯಾನರ್ ಹಾಕಿದಾಗ ‘ದೋಷ ಇಲ್ಲ’ ಅಂತ ಬಂದರೆ ಖುಷಿಪಡುವ ಮೊದಲು ಇನ್ನೊಂದು ಸಾಲು ನೋಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ? 40 ಕಿ.ಮೀ. ಅಂತಿದ್ದರೆ ನಿಮಗಾಗಿಯೇ ನಿನ್ನೆ ಅಳಿಸಿದ್ದಾರೆ. ರೆಡಿನೆಸ್ ಪರೀಕ್ಷೆಗಳು (ಕೋಡ್ ಅಳಿಸಿದ ಮೇಲೆ ಕಾರು ತಾನೇ ಮತ್ತೆ ಮಾಡಿಕೊಳ್ಳುವ ತಪಾಸಣೆ) ಇನ್ನೂ ಮುಗಿದಿಲ್ಲ ಅಂತ ತೋರಿಸಿದರೂ ಅದೇ ಅರ್ಥ. ಡೀಸೆಲ್ ಆದರೆ ಡಿಪಿಎಫ್‌ನ ಮಸಿ ಮಟ್ಟ ಮತ್ತು ಕೊನೆಯ ಸಲ ಸುಟ್ಟ ಮೇಲೆ ಓಡಿದ ದೂರ ನೋಡಿ. ಪೆಟ್ರೋಲ್ ಆದರೆ ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಹೊತ್ತದಿರುವುದು) ಲೆಕ್ಕ, ಫ್ಯೂಯಲ್ ಟ್ರಿಮ್ (ಇಂಧನವನ್ನು ಕಂಪ್ಯೂಟರ್ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ). ಟ್ರಿಮ್ ಹತ್ತು ಶೇಕಡಾ ದಾಟಿದರೆ ಎಲ್ಲೋ ಗಾಳಿ ಸೋರುತ್ತಿದೆ ಅಥವಾ ಇಂಧನ ಸರಿಯಾಗಿ ಬರುತ್ತಿಲ್ಲ.

ರೀಮ್ಯಾಪ್ ಆದ, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿದ, ಕಾರು ಇನ್ನೊಂದು ಬಲೆ. ಹೆಚ್ಚಿನ ಟಾರ್ಕ್ ಓಡಿಸುವಾಗ ಸುಖ, ಆದರೆ ವಾರಂಟಿ ಹೋಗಿರುತ್ತದೆ. ವಿಮೆ ಕಂಪನಿಗೆ ಹೇಳದಿದ್ದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು. ಆಫ್ಟರ್ ಮಾರ್ಕೆಟ್ ಏರ್ ಫಿಲ್ಟರ್, ಬದಲಿಸಿದ ಸೈಲೆನ್ಸರ್, ಕಿತ್ತುಹಾಕಿದ ಕ್ಯಾಟಲಿಟಿಕ್ ಕನ್ವರ್ಟರ್ ಕಂಡರೆ ನೇರವಾಗಿ ಕೇಳಿ. ‘ಸ್ಟಾಕ್ ಟ್ಯೂನ್‌ಗೆ (ಕಂಪನಿಯ ಮೂಲ ಸಾಫ್ಟ್‌ವೇರ್‌ಗೆ) ವಾಪಸ್ ಹಾಕಿದ್ದೇವೆ’ ಅಂದರೆ ಗೇರ್‌ಬಾಕ್ಸ್, ಟರ್ಬೊ ಅದುವರೆಗೆ ಪಟ್ಟ ಪಾಡು ವಾಪಸ್ ಆಗಿಲ್ಲ ಅಂತ ನೆನಪಿಡಿ.

ಸರ್ವಿಸ್ ಪುಸ್ತಕದಲ್ಲಿ ಸೀಲುಗಳನ್ನು ಎಣಿಸಬೇಡಿ, ಆಯಿಲ್ ಬದಲಿಸಿದ ಅಂತರ ಎಣಿಸಿ. ಕಾರೇ ಲೆಕ್ಕ ಹಾಕಿ ಹೇಳುವ ಅಂತರ ನಮ್ಮ ಧೂಳು, ಸೆಕೆ, ಟ್ರಾಫಿಕ್‌ಗೆ ಉದ್ದವಾಯಿತು ಅಂತ ನನ್ನ ಅಭಿಪ್ರಾಯ. 8,000-10,000 ಕಿ.ಮೀ.ಗೆ ಬದಲಿಸಿದ ಮಾಲೀಕ ಸಿಕ್ಕರೆ ಎರಡು ಲಕ್ಷ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹೊರ ರಾಜ್ಯದ ಕಾರು? ದೆಹಲಿ ಸುತ್ತ ಡೀಸೆಲ್ ಕಾರಿಗೆ 10 ವರ್ಷದ ಮಿತಿ ಬಂದ ಮೇಲೆ ಅಲ್ಲಿಂದ ಅಗ್ಗದ ಕಾರುಗಳು ಇತ್ತ ಹರಿದು ಬಂದಿವೆ. ಇಲ್ಲಿ ನೋಂದಾಯಿಸಲು ಎನ್‌ಒಸಿ ಬೇಕು, ಮತ್ತೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ ನಿಜ, ಆದರೂ ಐಷಾರಾಮಿ ಕಾರಿನ ಮೂಲ ಬೆಲೆಯ ಮೇಲೆ ಲೆಕ್ಕ ಹಾಕುವಾಗ ಮೊತ್ತ ಸಣ್ಣದಲ್ಲ. ಆರ್‌ಟಿಒದಲ್ಲಿ ಅಂಕಿ ಕೇಳಿ, ಆಮೇಲೆ ಚೌಕಾಸಿಗೆ ಕೂರಿ.

## ಹಂತ 8: ಪೆಟ್ರೋಲ್ ಬಂಕ್ ನೋಡಿ ಬನ್ನಿ

ಇದನ್ನು ಯಾರೂ ಮಾಡುವುದಿಲ್ಲ. ಇಂಧನ ಮುಚ್ಚಳದ ಒಳಗೆ ಕಾರಿಗೆ ಬೇಕಾದ ಆಕ್ಟೇನ್ (ಪೆಟ್ರೋಲ್ ಎಷ್ಟರಮಟ್ಟಿಗೆ ನಾಕ್ ತಡೆಯುತ್ತದೆ ಅನ್ನುವ ಅಂಕಿ) ಬರೆದಿರುತ್ತದೆ. ನಮ್ಮ ಸಾಮಾನ್ಯ ಪೆಟ್ರೋಲ್ ಹಿಂದೆ 91 ಆಕ್ಟೇನ್ ಇತ್ತು. ಹೆಚ್ಚಿನ ಒತ್ತಡದ ಟರ್ಬೊಗೆ ಬೇಕಾದ್ದಕ್ಕಿಂತ ಕಡಿಮೆ ಆಕ್ಟೇನ್ ಹಾಕಿದರೆ ನಾಕ್ (ಇಂಧನ ಹೊತ್ತಿಲ್ಲದ ಹೊತ್ತಿಗೆ ತಾನೇ ಸಿಡಿಯುವುದು) ಆಗದಂತೆ ಕಂಪ್ಯೂಟರ್ ಕಿಡಿ ಹೊತ್ತುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಉಳಿಯುತ್ತದೆ, ನೀವು ದುಡ್ಡು ಕೊಟ್ಟ ಎಚ್‌ಪಿ ಪೂರ್ತಿ ಸಿಗುವುದಿಲ್ಲ. 100 ಆಕ್ಟೇನ್ ಕೆಲವೇ ಬಂಕ್‌ಗಳಲ್ಲಿ ಸಿಗುತ್ತದೆ. ಮುಚ್ಚಳ ಕೇಳುವ ಆಕ್ಟೇನ್ ನಿಮ್ಮೂರಲ್ಲಿ ಸಿಗದಿದ್ದರೆ ಸಿ43, ಎಂ340ಐ ಆಸೆ ಬಿಟ್ಟು ಸಿ200 ಅಥವಾ ಎ4 ದರ್ಜೆಗೆ ಇಳಿಯುವುದು ಜಾಣತನ.

ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಬಗ್ಗೆಯೂ ಅದೇ ಮುಚ್ಚಳ ನೋಡಿ. ಎಥನಾಲ್‌ನಲ್ಲಿ ಶಾಖ ಕಡಿಮೆ, ಮೈಲೇಜ್ ಇಳಿಯುತ್ತದೆ. ಹತ್ತು ವರ್ಷ ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಿಸಿ.

## ಹಂತ 9: ಕೊಂಡ ಮೇಲಿನ ಮೊದಲ ಸಾವಿರ ಕಿ.ಮೀ.

ಸೆಕೆಂಡ್ ಹ್ಯಾಂಡ್ ಆದರೆ ಮನೆಗೆ ತಂದ ವಾರದಲ್ಲೇ ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗೆ ಪ್ಲಾಸ್ಟಿಕ್ ಚೂರು, ಲೋಹದ ಮಿನುಗು ಇದೆಯಾ ಅಂತ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಎನ್20 ಇದ್ದರೆ ಈ ಕಂದು ಪ್ಲಾಸ್ಟಿಕ್ ಚೂರೇ ಚೈನ್ ಗೈಡ್ ಕಳಿಸುವ ಮೊದಲ ಪತ್ರ. ಕಾರಿನ ಬೆಲೆಯ ಹದಿನೈದು ಶೇಕಡಾ ಬ್ಯಾಂಕಿನಲ್ಲೇ ಇರಲಿ. ಮೊದಲ ವರ್ಷ ಅದನ್ನು ಅಲಾಯ್ ವೀಲ್‌ಗೆ ಖರ್ಚು ಮಾಡಬೇಡಿ.

ಆಯಿಲ್ ಮಟ್ಟ, ಕೂಲೆಂಟ್ ಮಟ್ಟವನ್ನು ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ ನೋಡಿ ಬರೆದಿಡಿ. ಸ್ಕ್ರೀನ್‌ನಲ್ಲಿ ಆಯಿಲ್ ಅಳೆಯುವ ಕಾರಾದರೆ ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟು ನೆಲದಲ್ಲಿ ಅಳೆಯಿರಿ. ಸಾವಿರ ಕಿ.ಮೀ. ಓಡುವ ಹೊತ್ತಿಗೆ ಕೂಲೆಂಟ್ ಒಂದು ಬೆರಳು ಇಳಿದಿದ್ದರೂ ಪ್ರೆಶರ್ ಟೆಸ್ಟ್ ಮಾಡಿಸಿ. ಡೀಸೆಲ್‌ನಲ್ಲಿ ಆಯಿಲ್ ಇಳಿಯುವ ಬದಲು ಏರಿದ್ದರೆ, ಮೊದಲು ಆಯಿಲ್ ಬದಲಿಸಿ, ಆಮೇಲೆ ಗಾಡಿ ತೆಗೆದು ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ.